ಹಾಸಿಗೆಯಲ್ಲಿದ್ದೇ ಬಂದವನು

ದತ್ತುವಿನಷ್ಟು ಬೇಗ ಬರುವವನು ಸೇಡಂನಲ್ಲಿ ಇನ್ನೊಬ್ಬನಿರಲಿಲ್ಲ. ಯಾರು ಫೋನು ಮಾಡಿ ಕರೆದರೂ ಅವನ ಉತ್ತರ ಒಂದೇ: 'ಬಂದೆ.' ಬರುತ್ತೇನೆ ಎಂದಲ್ಲ, ಹೊರಟಿದ್ದೇನೆ ಎಂದೂ ಅಲ್ಲ. ಬಂದೆ. ಕೆಲಸ ಮುಗಿದೇಹೋಯಿತು ಅನ್ನುವ ಭೂತಕಾಲ. ಆ ಹೊತ್ತಿಗೆ ಅವನ ಒಂದು ಕಾಲು ಚಾದರದ ಒಳಗಿರುತ್ತಿತ್ತು, ಇನ್ನೊಂದು ಕಾಲಿಗೆ ಹೊರಗೆ ಬರುವ ವಿಚಾರ ಕೂಡ ಹೊಳೆದಿರುತ್ತಿರಲಿಲ್ಲ. ಈ ಸೀಮೆಯಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ, ಅದನ್ನು ಯಾರೂ ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಉಳಿದವರು 'ಬಂದೆ' ಅಂದ ಮೇಲೆ ತಾಸು ತಡವಾಗಿಯಾದರೂ ಬರುತ್ತಾರೆ. ದತ್ತು ಆ ಉಳಿದ ಅರ್ಧ ಕೆಲಸವನ್ನೂ ಬಿಟ್ಟುಬಿಟ್ಟಿದ್ದ.

ಅವನ ದುಡಿಮೆ ಕೋಡ್ಲಾ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ, ಲಾರಿ ತೂಗುವ ಕಾಟಾದ ಮೇಲೆ. ಲಾರಿ ಹತ್ತುತ್ತದೆ, ಇವನು ಗುಂಡಿ ಒತ್ತುತ್ತಾನೆ, ಚೀಟಿ ಬರುತ್ತದೆ, ಲಾರಿ ಇಳಿಯುತ್ತದೆ. ಇಪ್ಪತ್ತೊಂಬತ್ತು ವರ್ಷದ ಗಂಡಸು ಒಂದು ಬೆರಳಿನಿಂದ ಮಾಡುವ ಈ ಕೆಲಸದ ಹೆಸರಿನಲ್ಲಿ 'ಭಾಳ ಬಿಜಿ ಅದೀನೋ, ಚಾ ಕುಡಿಲಿಕ್ಕೂ ಪುರಸೊತ್ತಿಲ್ಲ' ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಉಳಿದ ಒಂಬತ್ತು ಬೆರಳುಗಳು ಫೋನು ಹಿಡಿದಿರುತ್ತಿದ್ದವು.

ಆ ಫೋನಿನಲ್ಲಿ 'ಚಾದ ದೋಸ್ತರು' ಎಂಬ ಗ್ರೂಪಿತ್ತು. ನಾಲ್ಕೇ ಜನ. ಚಿತ್ತಾಪುರದ ಕೋರ್ಟಿನ ಮುಂದೆ ಅರ್ಜಿ ಟೈಪು ಮಾಡುವ ಕಾಶೀನಾಥ, ಚಿಂಚೋಳಿಯಲ್ಲಿ ಅತಿಥಿ ಶಿಕ್ಷಕನಾಗಿರುವ ಶರಣಬಸಪ್ಪ, ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಇಸಾಕ, ಮತ್ತೆ ನಮ್ಮ ದತ್ತು. ಕಾಲೇಜಿನ ದಿನಗಳಲ್ಲಿ ನಾಲ್ವರೂ ವಾಡಿಯಲ್ಲಿ ರೈಲುಗಾಡಿ ಬದಲಿಸುವ ನಡುವೆ ಸಿಗುವ ಮುಕ್ಕಾಲು ತಾಸನ್ನು ಸ್ಟೇಷನ್ ಎದುರಿನ ಬಾಬುಮಿಯಾನ ಹೋಟೆಲ್ಲಿನಲ್ಲಿ ಕೂತು ಕಳೆಯುತ್ತಿದ್ದರು. ಈಗ ಕಾಶೀನಾಥ ದಿನಾ ಬೆಳಿಗ್ಗೆ ಹೊಗೆಯಾಡುವ ಕಪ್ಪಿನ ಚಿತ್ರ ಕಳಿಸುತ್ತಿದ್ದ, ಪಕ್ಕದಲ್ಲಿ ಗುಲಾಬಿ ಹೂ. ಶರಣಬಸಪ್ಪ ಅದಕ್ಕೆ ಕೈ ಮುಗಿಯುತ್ತಿದ್ದ. ದತ್ತು 'ಬರೋ ಐತವಾರ ವಾಡಿಯೊಳಗ ಕೂಡೋಣು' ಎಂದು ಬರೆಯುತ್ತಿದ್ದ. ಅವರಿಬ್ಬರೂ 'ಬಂದೆ' ಅನ್ನುತ್ತಿದ್ದರು. ಐತವಾರ ಬಂದು ಹೋಗುತ್ತಿತ್ತು, ಇವರು ಬರುತ್ತಿರಲಿಲ್ಲ. ಇಂಥ ನಿಷ್ಠೆಯ ಗೆಳೆತನ ಜಿಲ್ಲೆಯಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ.

ಇಸಾಕ ಮಾತ್ರ ಹನ್ನೊಂದು ತಿಂಗಳಿಂದ ಏನೂ ಬರೆದಿರಲಿಲ್ಲ. ಕಾರಣ ದತ್ತುವಿಗೆ ಗೊತ್ತಿತ್ತು, ಗೊತ್ತಿರುವುದನ್ನು ಮರೆಯಲಿಕ್ಕೆ ಅವನ ಹತ್ತಿರ ಫೋನಿತ್ತು.

ಕಳೆದ ಬೇಸಿಗೆಯ ಒಂದು ಮುಂಜಾನೆ ಇಸಾಕ ಫೋನು ಮಾಡಿದ್ದ. "ಅಪ್ಪ ಹೋದ, ದತ್ತು. ಹನ್ನೆರಡಕ್ಕ ಮಣ್ಣು."

"ಬಂದೆ ಇಸಾಕ, ಬಂದೆ," ಎಂದು ದತ್ತು ಎದ್ದು ಕೂತ. ಕಿಟಕಿಯಲ್ಲಿ ಬಿಸಿಲು ನೋಡಿದ. ಬಸ್ಸಿನ ನೂಕುನುಗ್ಗಲು ನೆನೆಸಿಕೊಂಡ. ಎರಡು ನಿಮಿಷ ಎಂದು ಮತ್ತೆ ಒರಗಿ, ಯಾವುದೋ ದೇಶದ ಕರಡಿ ಕಲ್ಲಂಗಡಿ ತಿನ್ನುವುದನ್ನು ಫೋನಿನಲ್ಲಿ ನೋಡುತ್ತ ಹೋದ. ಹನ್ನೊಂದಕ್ಕೆ ಇಸಾಕ ಮತ್ತೆ ಕೇಳಿದಾಗ "ಮಳಖೇಡ ದಾಟೀನಿ" ಅಂದ. ಹನ್ನೆರಡಕ್ಕೆ ಕೇಳಿದಾಗ "ಬಂದೇ ಬಿಟ್ಟೆ, ವಾಡಿಯೊಳಗ ಅದೀನಿ" ಅಂದ. ಆಮೇಲೆ ಫೋನು ಬರಲಿಲ್ಲ. ಸಂಜೆ ಇವನೇ ಮಾಡಿ, ಗಾಡಿ ಪಂಕ್ಚರ್ ಆಯಿತು ಎಂದ. ಗಾಡಿ ಎಂದರೆ ಬಸ್ಸೋ ಬೈಕೋ ಎಂಬುದನ್ನು ಅವನು ಯೋಚಿಸಿರಲಿಲ್ಲ. ಇಸಾಕ ಕೇಳಲೂ ಇಲ್ಲ.

ಹೋದ ಮಂಗಳವಾರ, ಎರಡು ಲಾರಿಗಳ ನಡುವೆ ದತ್ತು ಫೋನು ನೋಡಿದರೆ, ಇಸಾಕ ಗ್ರೂಪು ಬಿಟ್ಟಿದ್ದ. ಅದರ ಕೆಳಗೇ ಕಾಶೀನಾಥನ ಕಪ್ಪು, ಗುಲಾಬಿ. ಅದರ ಕೆಳಗೆ ಶರಣಬಸಪ್ಪನ ಮುಗಿದ ಕೈ. ನಾಲ್ವರಲ್ಲಿ ಒಬ್ಬ ಎದ್ದು ಹೋಗಿದ್ದನ್ನು ಇಬ್ಬರು ಗಮನಿಸಿರಲೇ ಇಲ್ಲ. ಇಸಾಕ ಬಾಯಿ ಬಿಡದೆ ಗ್ರೂಪಿನಲ್ಲಿ ಇದ್ದದ್ದನ್ನೇ ಅವನು ಕ್ಷಮೆ ಎಂದು ತಿಳಿದುಕೊಂಡಿದ್ದ. ಇವತ್ತಿಗೆ ಅದೂ ಹೋಯಿತು. ಇಸಾಕನ ಜೊತೆ ಕೂತು ಒಂದು ಕಪ್ ಚಾ ಕುಡಿಯದಿದ್ದರೆ ತನಗೆ ದೋಸ್ತ ಎಂದು ಹೇಳಿಕೊಳ್ಳಲು ಒಂದು ಗುಲಾಬಿ, ಎರಡು ಮುಗಿದ ಕೈ ಅಷ್ಟೇ ಉಳಿಯುತ್ತವೆ ಎಂದು ಅವನಿಗೆ ಅನಿಸಿತು.

ಮರುದಿನ ಎರಡನೆಯ ಪಾಳಿ ಇತ್ತು. ಮುಂಜಾನೆಯ ಗಾಡಿ ಹಿಡಿದು ಅವನು ನಿಜವಾಗಿಯೂ ವಾಡಿಗೆ ಹೋದ. ತನ್ನ ಈ ಸಾಹಸಕ್ಕೆ ತಾನೇ ಬೆರಗಾಗಿ, ಬಾಬುಮಿಯಾನ ಹೋಟೆಲ್ಲಿನಲ್ಲಿ ಕೂತು ಇಸಾಕನಿಗೆ ಫೋನು ಹಚ್ಚಿದ. ನಾಲ್ಕನೆಯ ಸಲಕ್ಕೆ ಇಸಾಕ ಎತ್ತಿದ.

"ಇಸಾಕ, ವಾಡಿಗೆ ಬಂದೀನೋ. ಬಾ, ಚಾ ಕುಡಿಯೋಣು."

"ಹೌದಾ? ಹಂಗಾದ್ರ ಈಗ ಹಾಸಿಗಿ ಮ್ಯಾಲ ಎದ್ದು ಕುಂತಿದಿ."

"ಇಲ್ಲೋ, ಖರೇನ ಬಂದೀನಿ. ಬಾಬುಮಿಯಾ, ನೀವಾರ ಹೇಳ್ರಿ."

ಬಾಬುಮಿಯಾ ಫೋನು ಇಸಿದುಕೊಂಡು, "ಬಂದಾನಪಾ, ನನ್ನ ಎದುರಿಗೇ ಅದಾನ," ಅಂದ.

"ಚಾಚಾ, ಅವನ ಸಂಗಡ ಕೂಡಿ ನೀವೂ ಸುರು ಮಾಡಿದ್ರೇನು?" ಎಂದು ಇಸಾಕ ಫೋನಿಟ್ಟ.

ಮೂವತ್ತು ವರ್ಷ ಸ್ಟೇಷನ್ ಎದುರು ಚಾ ಕಾಸಿದ ಬಾಬುಮಿಯಾನ ಮಾತಿಗೂ ಬೆಲೆ ಇಲ್ಲದಂತೆ ಮಾಡಿಬಿಟ್ಟಿದ್ದ ದತ್ತು. ಬಾಬುಮಿಯಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಅವ ಬರಾಂಗಿಲ್ಲ. ನೀನೇ ಹೋಗು. ಕಾಲು ಅದಾವಲ್ಲ?" ಅಂದ. ಎರಡು ಚಾ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ದಾರ ಸುತ್ತಿ ಕೊಟ್ಟ.

ಟಂಟಂ ಆಟೋದಲ್ಲಿ ಎಂಟು ಜನರ ನಡುವೆ ಚೀಲವನ್ನು ಕೂಸಿನಂತೆ ಎದೆಗೆ ಹಿಡಿದುಕೊಂಡು ದತ್ತು ಶಹಾಬಾದಿಗೆ ಬಂದ. ಇಸಾಕನ ಮನೆಯ ಮಗ್ಗುಲಲ್ಲೇ ಕಲ್ಲು ಪಾಲಿಶ್ ಮಾಡುವ ತಗಡಿನ ಶೆಡ್ಡು. ಬಾಗಿಲಲ್ಲಿ ಕೂತಿದ್ದ ಅವನ ಅವ್ವ, "ಬಂದ್ಯಾ, ದತ್ತು?" ಅಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಮನೆಗೆ ಯಾರು ಬಂದರೂ ಕೇಳುವ ಮಾತು ಅದು. ದತ್ತುವಿಗೆ ಕಪಾಳಕ್ಕೆ ಹೊಡೆದಂತಾಯಿತು.

ಶೆಡ್ಡಿನೊಳಗೆ ಇಸಾಕ ಮೊಣಕಾಲಿನ ತನಕ ಕಲ್ಲಿನ ರಾಡಿ ಮೆತ್ತಿಕೊಂಡು ನಿಂತಿದ್ದ. ಇವನನ್ನು ನೋಡಿ ಮಷೀನು ಬಂದ್ ಮಾಡಿದ, ಕುಂದ್ರು ಅನ್ನಲಿಲ್ಲ.

"ಆವತ್ತು ಪಂಕ್ಚರ್ ಆಗಿರ್ಲಿಲ್ಲೋ," ಎಂದ ದತ್ತು.

"ಗೊತ್ತದ."

"ನಾ ಮನಿ ಬಿಟ್ಟಿರ್ಲೇ ಇಲ್ಲ."

"ಅದೂ ಗೊತ್ತದ. ನಿನಗ ಗೊತ್ತಿರ್ಲಾರದ್ದು ಹೇಳ್ತೀನಿ ಕೇಳು. ವಾಡಿಯೊಳಗ ಅದೀನಿ ಅಂದಿ. ವಾಡಿಯಿಂದ ಇಲ್ಲಿಗಿ ಎಷ್ಟು? ಅರ್ಧ ತಾಸು. ತಡೀರಿ, ನಮ್ಮ ದತ್ತು ಬಂದಾನ, ಅಪ್ಪನ ಮಾರಿ ನೋಡ್ಲಿ ಅಂತ ಚರ್ಚಿನ ಪಾಸ್ಟರಿಗೆ ನಾನೇ ಕೈ ಮುಗದೆ. ಒಂದೂವರಿ ತನ ಮಣ್ಣು ತಡದ್ವಿ. ಮುದುಕರು, ಹೆಣ್ಮಕ್ಕಳು, ಎಲ್ಲಾರೂ ಬಿಸಿಲಾಗ. ಯಾರೋ ಅವ ಅಷ್ಟು ದೊಡ್ಡ ಮನುಷ್ಯ ಅಂತ ಕಾಕಾ ಕೇಳಿದ. ಏನು ಹೇಳ್ಲಿ? ಗುಂಡಿ ಒತ್ತಾಂವ ಅಂತ ಹೇಳ್ಲೇನು?"

ದತ್ತು ಈ ಹನ್ನೊಂದು ತಿಂಗಳಲ್ಲಿ ತನ್ನನ್ನು ಸೋಮಾರಿ ಎಂದು ಒಪ್ಪಿಕೊಂಡಿದ್ದ. ಸೋಮಾರಿ ಅನ್ನುವುದು ಮುದ್ದಿನ ಬೈಗುಳ, ಅದನ್ನು ತನಗೆ ತಾನೇ ಬೈದುಕೊಂಡು ಹಾಯಾಗಿ ಇರಬಹುದು. ಒಂದು ಹೆಣವನ್ನು ಬಿಸಿಲಿನಲ್ಲಿ ಕಾಯಿಸಿದವನಿಗೆ ಏನು ಅನ್ನುತ್ತಾರೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಕೈಯಲ್ಲಿ ಚಾದ ಚೀಲ ಹಿಡಿದು ನಿಂತಿದ್ದ.

ಅವ್ವ ಬಂದು ಚೀಲ ಇಸಿದುಕೊಂಡು ಕಾಸಲಿಕ್ಕೆ ಒಯ್ದಳು.

"ಸುಮ್ನ ಯಾಕ ನಿಂತಿ? ಆ ಕಡಿ ಹಿಡಿ," ಎಂದ ಇಸಾಕ. ಇಬ್ಬರೂ ಪಾಲಿಶ್ ಆದ ಕಲ್ಲನ್ನು ಎತ್ತಿ ಗೋಡೆಗೆ ಆನಿಸಿದರು. ಎರಡನೆಯದು ಎತ್ತಲು ಬಗ್ಗಿದಾಗ ದತ್ತುವಿನ ಫೋನು ಬಡಿದುಕೊಂಡಿತು. ಕಾಟಾದ ಸೂಪರ್‌ವೈಸರ್ ಮಡಿವಾಳಯ್ಯ.

"ಎಲ್ಲಿದ್ದಿಯೋ? ಲಾರಿ ಸಾಲು ಹಚ್ಚ್ಯಾವ. ಎರಡಕ್ಕ ಬರ್ತಿಯಿಲ್ಲೋ?"

ದತ್ತುವಿನ ನಾಲಿಗೆ ತನ್ನಷ್ಟಕ್ಕೆ ತಾನೇ 'ಬಂ' ತನಕ ಹೋಗಿಬಿಟ್ಟಿತ್ತು. ಇಸಾಕ ಕಲ್ಲಿನ ಆ ಬದಿಯಿಂದ ನೋಡುತ್ತಿದ್ದ.

"ಬರಾಂಗಿಲ್ರಿ, ಸರ್."

"ಅಂದ್ರ?"

"ಇವತ್ತು ಬರಾಂಗಿಲ್ಲ. ಶಹಾಬಾದದಾಗ ಅದೀನಿ."

ಮಡಿವಾಳಯ್ಯ ಗಾಬರಿಯಿಂದ, "ಆರಾಮ ಅದಿಯಿಲ್ಲೋ, ತಮ್ಮಾ?" ಎಂದು ಕೇಳಿದರು. ಮೂರು ವರ್ಷದ ನೌಕರಿಯಲ್ಲಿ ದತ್ತು ಅವರಿಗೆ ನಿಜ ಹೇಳಿದ್ದು ಅದೇ ಮೊದಲು.

ಫೋನು ಜೇಬಿಗೆ ಹೋದ ಮೇಲೆ ಇಸಾಕ ಅಂದ: "ಆವತ್ತೂ ಇಷ್ಟೇ ಹೇಳಬೇಕಾಗಿತ್ತು. ಬರಾಂಗಿಲ್ಲ ಅಂತ. ನಾ ಏನೂ ಅಂತಿರ್ಲಿಲ್ಲ."

ಅವ್ವ ಎರಡು ಸ್ಟೀಲಿನ ಲೋಟದಲ್ಲಿ ಚಾ ತಂದಳು. ಇಸಾಕ ಕಲ್ಲಿನ ಅಟ್ಟಿಯ ಮೇಲೆ ಕೂತ. ದತ್ತು ಅವನ ಮಗ್ಗುಲಲ್ಲಿ ಕೂರಲೋ ಬೇಡವೋ ಎಂದು ನಿಂತಿದ್ದ. ಇಸಾಕ ಮೈ ಸರಿಸಿ ಜಾಗ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ದತ್ತು ಕೂತ. ಪ್ಯಾಂಟಿಗೆ ರಾಡಿ ಹತ್ತಿತು.

ಎರಡು ಗುಟುಕು ಕುಡಿದು ಇಸಾಕ ಮಾರಿ ಕಿವುಚಿದ. "ಬಾಬುಮಿಯಾನ ಚಾ ಭಾಳ ಕೆಟ್ಟದಲ್ಲೋ."

"ಮೊದಲಿಂದ ಹಿಂಗೇ ಇತ್ತು."

"ಗ್ರೂಪಿಗಿ ಮಾತ್ರ ನಾ ಬರಾಂಗಿಲ್ಲ."

"ಬರಬ್ಯಾಡ," ಎಂದ ದತ್ತು.

ಇಬ್ಬರೂ ಆ ಕೆಟ್ಟ ಚಾ ಪೂರ್ತಿ ಕುಡಿದರು. ಎತ್ತಿಡಬೇಕಾದ ಕಲ್ಲು ಇನ್ನೂ ಆರು ಇದ್ದವು.