ತಂಗಿಗೆ ಬೇರೆ ಖೋಲಿ ಇತ್ತು

ಕ್ಷಯರೋಗಿಗಳಲ್ಲಿ ಯಾರನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕು, ಯಾರಿಗೆ ಔಷಧ ಕೊಟ್ಟು ಮನೆಗೆ ಕಳಿಸಬೇಕು ಎಂದು ವಿಚಾರಿಸಿ ಬರೆದುಕೊಡುವುದು ನಮ್ಮ ಕೆಲಸವಾಗಿತ್ತು. ಸೊಲ್ಲಾಪುರದ ಆ ದವಾಖಾನೆಯಲ್ಲಿ ಮಂಚಗಳು ಕಡಿಮೆ, ಗಿರಣಿಗಳಿಂದ ಕೆಮ್ಮುತ್ತ ಬರುವವರು ಬಹಳ. ಮನೆಯಲ್ಲಿ ರೋಗಿಗೆ ಮಲಗಲು ಬೇರೆ ಖೋಲಿ ಇದ್ದು, ಹಾಲು ಸಿಗುವಂತಿದ್ದರೆ ಮಂಚ ಇಲ್ಲ.

ನಾನು ಮ್ಯಾಟ್ರಿಕ್ ಮುಗಿಸಿ ಮುಂಬಯಿಯಲ್ಲಿ ಸಮಾಜಸೇವೆಯ ಹತ್ತು ತಿಂಗಳ ತರಬೇತಿ ಪಡೆದವಳು. ಅಲ್ಲಿ ನಮಗೆ ಪಾಠ ಹೇಳಿದವರು ಅಮೆರಿಕದಲ್ಲಿ ಓದಿ ಬಂದಿದ್ದರು. ನಮ್ಮವರ ಕೇಸನ್ನು ನಾವು ನೋಡಬಾರದು ಎನ್ನುತ್ತಿದ್ದರು. ತನ್ನವರ ಮುಂದೆ ಮುಚ್ಚಿಟ್ಟದ್ದನ್ನು ಮನುಷ್ಯ ಗುರುತಿಲ್ಲದವರ ಮುಂದೆ ಬಿಚ್ಚಿ ಹೇಳುತ್ತಾನೆ, ಆ ದೇಶದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಿದ್ದರು. ನಾನು ಬರೆದುಕೊಂಡೆ. ನಂಬಿದೆ ಕೂಡ.

ತಂಗಿ ಒಂದು ಸೋಮವಾರ ಬಂದಳು. ಗಂಡ ಅವಳನ್ನು ಬಾಗಿಲಲ್ಲಿ ಬಿಟ್ಟು ಕಂಬಳಿ ಮಾರಲು ಪೇಟೆಗೆ ಹೋಗಿದ್ದ. ಡಾಕ್ಟರು ಎದೆಯ ಚಿತ್ರ ನೋಡಿ ಕ್ಷಯವೆಂದು ಬರೆದಿದ್ದರು. ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತು ನಕ್ಕಳು.

“ಏನವ್ವಾ, ಸಾಹೇಬ ಆಗೀದಿ. ತಂಗಿ ಬಂದ್ರೂ ಖುರ್ಚಿ ಬಿಟ್ಟು ಏಳವಲ್ಲಿ!”

“ನಿನ್ನ ಕಾಗದ ನಾ ಬರಿಯಾಂಗಿಲ್ಲ. ಆ ಖೋಲ್ಯಾಗ ಬಾಯಿ ಅದಾರ, ಅವರ ಮುಂದ ಎಲ್ಲಾ ಹೇಳು.”

“ನಿನ್ನ ಮುಂದ ಹೇಳಿದ್ರ ಏನಾಗ್ತೈತಿ?”

“ಹಂಗ ಮಾಡಬಾರದು. ಹೋಗು.”

ಆ ಬಾಯಿ ನನ್ನಂತೆಯೇ ಕಾಗದ ಬರೆಯುವ ಹೆಂಗಸು, ಪುಣೆಯವರು, ಒಳ್ಳೆಯವರು, ಮರಾಠಿಯಲ್ಲಿ ಮೆತ್ತಗೆ ಮಾತಾಡುವವರು. ತಂಗಿಗೂ ಮರಾಠಿ ಚೆನ್ನಾಗಿ ಬರುತ್ತಿತ್ತು. ನಾನು ಬೇರೆ ಕೇಸಿನಲ್ಲಿದ್ದೆ. ಎದ್ದು ನೋಡುವಷ್ಟರಲ್ಲಿ ಅವಳು ಮಧ್ಯಾಹ್ನದ ಮೋಟಾರಿಗೆ ಹೊರಟುಹೋಗಿದ್ದಳು.

ಸಂಜೆ ಕಾಗದ ತೆಗೆದು ಓದಿದೆ. ಬೇರೆ ಖೋಲಿ: ಇದೆ. ಹಾಲು: ಇದೆ. ಮನೆಯವರ ಆರೈಕೆ: ಚೆನ್ನಾಗಿದೆ. ಕೆಳಗೆ ಸಲಹೆ: ರೋಗಿಯನ್ನು ಆ ಖೋಲಿಯಲ್ಲೇ ಬೇರೆಯಾಗಿ ಮಲಗಿಸುವುದು. ಅವಳ ಮದುವೆಯಲ್ಲಿ ನಾನು ಆ ಮನೆಯಲ್ಲಿ ಮೂರು ದಿನ ಇದ್ದವಳು. ಒಂದು ಪಡಸಾಲೆ, ಒಂದು ಅಡಿಗೆ ಮನೆ, ಅಷ್ಟೇ. ಹೊಸದಾಗಿ ಖೋಲಿ ಕಟ್ಟಿಸಿರಬೇಕು ಎಂದುಕೊಂಡೆ. ಸಮಾಧಾನವೂ ಆಯಿತು.

ಗಂಡನ ಮನೆಯ ಕೊರತೆಯನ್ನು ನಮ್ಮ ಕಡೆ ಹೆಣ್ಣುಮಕ್ಕಳು ಹೊರಗಿನವರ ಮುಂದೆ ಆಡುವುದಿಲ್ಲ. ತವರಿಗೆ ಬಂದಾಗ ಅವ್ವನ ಮುಂದೆಯೋ ಅಕ್ಕನ ಮುಂದೆಯೋ ತಲೆ ಬಾಚಿಸಿಕೊಳ್ಳಲು ಕೂತಾಗ ಆಡುತ್ತಾರೆ. ಇದನ್ನು ನನಗೆ ಯಾವ ತರಬೇತಿಯೂ ಕಲಿಸಬೇಕಾಗಿರಲಿಲ್ಲ.

ಚಳಿಗಾಲ ಮುಗಿಯುವ ಮೊದಲೇ ಅವಳು ತೀರಿಹೋದಳು. ಸುದ್ದಿ ತಡವಾಗಿ ತಲುಪಿತು. ಅಕ್ಕಲಕೋಟದಲ್ಲಿ ಇಳಿದು ಅವಳ ಗಂಡನ ಊರು ವಾಗದರಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅವಳು ಮಲಗುತ್ತಿದ್ದ ಖೋಲಿ ತೋರಿಸಿ ಎಂದು ಅವಳ ಅತ್ತೆಯನ್ನು ಕೇಳಿದೆ.

“ಯಾ ಖೋಲಿ ಯವ್ವಾ?” ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು.

ಕುರಿಮರಿಗಳನ್ನು ಕೂಡಿಹಾಕುವ ಗುಡಿಸಲು. ಮೂರು ಕಡೆ ಮುಳ್ಳಿನ ಬೇಲಿ, ಮೇಲೆ ಜೋಳದ ದಂಟು. ನೆಲ ಸಾರಿಸಿತ್ತು. ಗಾಳಿಗೆ ಅಡ್ಡವಾಗಿ ಒಂದು ಹಳೆಯ ಕಂಬಳಿ ಕಟ್ಟಿದ್ದರು.

“ಮೊದಲ ನಮ್ಮ ಜೋಡಿನ ಪಡಸಾಲ್ಯಾಗ ಮಲಗ್ತಿದ್ಲು. ಬ್ಯಾರೆ ಮಲಗಸ್ರಿ ಅಂತ ನಿಮ್ಮ ದವಾಖಾನಿ ಕಾಗದ ಬಂತು. ಮರಿ ಹೊರಗ ಕಟ್ಟಿ ನಾನ ಸಾರಿಸಿ ಕೊಟ್ಟೆ. ಓದಿದವರ ಮಾತು, ಮೀರಬಾರದಂದ್ವಿ.” ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಮ್ಮ ಮನಿ ನೀ ನೋಡೀದಿ. ನೀ ದವಾಖಾನ್ಯಾಗ ಇದ್ದೆಲ್ಲ, ಖೋಲಿ ಇಲ್ಲಂತ ನೀನರ ಹೇಳಬಾರದಿತ್ತೇನು?”

“ನಮ್ಮವರದ್ದು ನಾವು ಕೇಳಬಾರದ್ರಿ ಅತ್ತಿ. ಹಂಗ ಕಲಿಸ್ಯಾರ.”

ಅವಳು ಸಿಟ್ಟಾಗಲಿಲ್ಲ. ತಿಳಿಯದೆ ನನ್ನ ಮುಖ ನೋಡಿದಳು.

“ಅದು ಯಾವ ದೇಶದಾಗ, ಯವ್ವಾ?”