ಅಳಿಸಲಾಗದ ಚುಕ್ಕಿ

ಮೊನ್ನೆ ಸೋಮವಾರ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದೆ. ಹೆಣ್ಣುಮಗಳೊಬ್ಬಳು ಬಂದು ಕೌಂಟರಿನ ಮೇಲೆ ಒಂದು ಸ್ಟೀಲ್ ಗ್ಲಾಸು ಇಟ್ಟಳು.

"ಕಾಕಾ, ಇದು ನಿಮ್ಮ ಅಂಗಡೀದ ಹೌದಲ್ರಿ?"

ತಳ ಮೇಲೆ ಮಾಡಿ ನೋಡಿದೆ. ನಮ್ಮದೇ. ಗಾಂಧಿ ಚೌಕದ ನನ್ನ ಪಾತ್ರೆ ಅಂಗಡಿಯಿಂದ ಹೊರಬೀಳುವ ಪ್ರತಿ ಪಾತ್ರೆಯ ತಳದಲ್ಲೂ ಅಂಗಡಿಯ ಹೆಸರು ಕೊರೆದಿರುತ್ತೇನೆ. (ಫ್ರೀ ಪಬ್ಲಿಸಿಟಿ. ನೀವೂ ವ್ಯಾಪಾರಸ್ಥರಾಗಿದ್ದರೆ ಮಾಡಿ.)

"ನಮ್ದ ಐತಿ ಯವ್ವಾ. ಸೋರಾಕತ್ತೈತೇನು? ಬದಲಿ ಕೊಡ್ತೀನಿ."

"ಸೋರಂಗಿಲ್ರಿ. ಅಂಚಿನ ಕೆಳಗ ಈ ಚುಕ್ಕಿ ಯಾಕ ಹೊಡದೀರಿ?"

ನೆನಪಾಯಿತು. ಹೋದ ವರ್ಷ ಬಬಲೇಶ್ವರದ ಆಚೆಯ ಒಂದು ಹಳ್ಳಿಯಿಂದ (ಊರ ಹೆಸರು ಬೇಡ) ಚಹಾ ಹೋಟೆಲಿನ ಮಲ್ಲಣ್ಣ ಬಂದು ನಾಲ್ಕು ಡಜನ್ ಗ್ಲಾಸು ಒಯ್ದಿದ್ದ. "ಎಂಟಕ್ಕ ಒಂದೊಂದ ಚುಕ್ಕಿ ಹೊಡೀರಿ ಸಾವಕಾರ್ರ" ಅಂದಿದ್ದ. ಹೆಸರು ಕೊರೆಯುವ ಮಷಿನ್ ಕೈಯಲ್ಲೇ ಇತ್ತು. ಹೊಡೆದೆ.

ಯಾಕೆ ಅಂತ ಕೇಳಲಿಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡುತ್ತ ಸೈಕಲ್ ಮೇಲೆ ಊರೂರು ತಿರುಗಿ ಮೇಲೆ ಬಂದವನು ನಾನು. ಗುರುತಿನ ಗ್ಲಾಸು ಯಾರಿಗೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಿರಾಕಿ ಬಿಟ್ಟು ಹೋಗಬಾರದಲ್ಲ, ಬಾಯಿ ಮುಚ್ಚಿಕೊಂಡಿದ್ದೆ.

ಅವಳ ಹೆಸರು ಸುಜಾತಾ. ತಿಕೋಟಾದಲ್ಲಿ ನರ್ಸ್. ಅಪ್ಪ ಯಲ್ಲಪ್ಪ ಮಲ್ಲಣ್ಣನ ಊರಿನ ದಲಿತರ ಓಣಿಯಲ್ಲಿದ್ದಾನೆ, ಕೂಲಿ ಕೆಲಸ. ರವಿವಾರ ಊರಿಗೆ ಹೋದವಳು ಅಪ್ಪನನ್ನು ಕರೆಯಲು ಹೋಟೆಲಿನ ತನಕ ನಡೆದಳಂತೆ. ಅಪ್ಪ ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಕುಡಿದ ಗ್ಲಾಸು ತಾನೇ ತೊಳೆದು ಗೋಡೆಯ ಗೂಡಿನಲ್ಲಿ ಬೋರಲು ಇಟ್ಟ. ಗೂಡಿನಲ್ಲಿದ್ದವು ಎಂಟು. ಎಂಟಕ್ಕೂ ಚುಕ್ಕಿ. ಅದರಲ್ಲೊಂದನ್ನು ಎತ್ತಿಕೊಂಡು ಬಂದಿದ್ದಳು.

"ನಮಗೂ ಸ್ಟೀಲ್ ಗ್ಲಾಸ್ ಬಂದಾವ, ಊರು ಸುಧಾರಿಸೇತಿ ಅಂತ ತಿಳ್ಕೊಂಡಿದ್ದೆ ಕಾಕಾ. ಹತ್ರ ಹೋಗಿ ನೋಡೇ ಇರ್ಲಿಲ್ಲ" ಅಂದಳು.

ನನ್ನ ವ್ಯಾಪಾರಿ ಬುದ್ಧಿ ಎಲ್ಲಿ ಬಿಡುತ್ತದೆ? "ನಾಕ್ ಡಜನ್ನಿನಾಗ ಎಂಟಕ್ಕಷ್ಟ ಹೊಡದೀನಿ ತಂಗಿ. ಎಂಟೂ ಹೊಸಾವು ಕೊಡ್ತೀನಿ. ಚುಕ್ಕಿ ಇಲ್ದಾವು. ಮುಗಸೂಣು" ಅಂದೆ.

"ಹೊಸಾವು ಕೊಟ್ರ ನಾಳೆ ಅವಕ್ಕ ಬಣ್ಣ ಹಚ್ತಾನ. ಇದನ್ನ ಅಳಸಾಕ ಬರ್ತೈತೇನ್ರಿ?"

"ಸ್ಟೀಲ್ ಮ್ಯಾಲ ಕೊರದದ್ದು ಅಳಸಾಕ ಬರಂಗಿಲ್ಲ."

"ಹಂಗಾರ ಉಳದ ನಲ್ವತ್ತಕ್ಕೂ ಹೊಡೀರಿ."



ಅಲ್ಲೇ ನಿಂತು ಮಲ್ಲಣ್ಣನಿಗೆ ಫೋನ್ ಹಚ್ಚಿದಳು. ದನಿ ಏರಿಸಲಿಲ್ಲ. "ಮಲ್ಲಣ್ಣಾರ, ನಾ ಯಲ್ಲಪ್ಪನ ಮಗಳು. ನಿಮ್ಮ ಒಂದ್ ಗ್ಲಾಸ್ ನನ್ನ ಕಡೆ ಐತಿ. ಅಸ್ಪೃಶ್ಯತೆ ಅಪರಾಧ ಐತಿ ಅಂತ ನಿಮಗೂ ಗೊತ್ತೈತಿ. ಗ್ಲಾಸೆಲ್ಲಾ ಚೀಲದಾಗ ಹಾಕ್ಕೊಂಡು ಗಾಂಧಿ ಚೌಕಕ್ಕ ಬರ್ರಿ. ಬರ್ಲಿಲ್ಲಂದ್ರ ಇದನ್ನ ತಗೊಂಡು ಸ್ಟೇಷನ್ನಿಗೆ ಹೊಕ್ಕೀನಿ."

ನನ್ನ ಕಡೆ ತಿರುಗಿ ಅಂದಳು: "ತಳದಾಗ ನಿಮ್ಮ ಹೆಸರೂ ಐತಿ ಕಾಕಾ."

(ಫ್ರೀ ಪಬ್ಲಿಸಿಟಿ ಅಂದೆನಲ್ಲ.)

ಸೀದಾ ಸ್ಟೇಷನ್ನಿಗೇ ಯಾಕೆ ಹೋಗಲಿಲ್ಲ? ಕೇಳಿದೆ. "ಊರಾಗ ಬಾಳೇ ಮಾಡಾಂವ ನಾನು, ಕೇಸು ಬ್ಯಾಡ ಅಂತ ನಮ್ಮಪ್ಪ ಕೈ ಹಿಡ್ಕೊಂಡು ಅತ್ತಾನ್ರಿ. ಅಂವ ಒಳಗ ಬಾಕಿನ ಮ್ಯಾಲ ಕುಂತು ಎಲ್ಲಾರ ಜೋಡಿ ಚಹಾ ಕುಡೀಬೇಕು. ನನಗ ಅಷ್ಟ ಬೇಕು."

ಮಧ್ಯಾಹ್ನ ಮಲ್ಲಣ್ಣ ಬೆವರುತ್ತ ಬಂದ. "ಊರ ಮಂದಿ ಏನಂತಾರ ಸಾವಕಾರ್ರ?"

"ಜಡ್ಜ್ ಏನಂತಾರ ಅದನ್ನ ಮದ್ಲ ವಿಚಾರ ಮಾಡೋ" ಅಂದೆ.

ನಲವತ್ತು ಚುಕ್ಕಿ ನಾನೇ ಕೊರೆದೆ. ಸುಜಾತಾ ತಾನು ತಂದ ಗ್ಲಾಸನ್ನು ಮಾತ್ರ ವಾಪಸ್ ಕೊಡಲಿಲ್ಲ. ಬ್ಯಾಗಿಗೆ ಹಾಕಿಕೊಂಡಳು. "ಇದು ನನ್ನ ಕಡೆ ಇರ್ಲಿ. ಬೇಕಾದ್ರ ಕಂಪ್ಲೇಂಟ್ ಅರ್ಜಿ ಜೋಡಿ ಲಗತ್ತಿಸಾಕ."

ಮೂವತ್ತು ವರ್ಷ ಚೌಕಾಶಿ ಮಾಡಿದ್ದೇನೆ. ಇಂಥ ಗಟ್ಟಿ ಗಿರಾಕಿಯನ್ನು ನೋಡಿರಲಿಲ್ಲ. ಸೀರೆಗೆ, ಸೈಟಿಗೆ ಬೇಕಾದಷ್ಟು ಚೌಕಾಶಿ ಮಾಡಿ. ಹಕ್ಕಿನ ವಿಷಯಕ್ಕೆ ಬಂದರೆ ಅವಳಂತೆ ನಿಲ್ಲಿ, ಒಂದು ಹೆಜ್ಜೆಯೂ ಹಿಂದೆ ಸರಿಯಬೇಡಿ. ಪುರಾವೆ ಕೈಬಿಡಬೇಡಿ.

ಎಷ್ಟು ದೊಡ್ಡ ದೇಶ ನಮ್ಮದು! ಅಸ್ಪೃಶ್ಯತೆ ರದ್ದು ಅಂತ ಸಂವಿಧಾನದ ಹದಿನೇಳನೆಯ ವಿಧಿ ಎಂದೋ ಹೇಳಿದೆ. ಅದು ದಿಲ್ಲಿಯಿಂದ ಹೊರಟು ಮಲ್ಲಣ್ಣನ ಹೋಟೆಲ್ ಮುಟ್ಟಿದ್ದು ಒಬ್ಬ ನರ್ಸಿನ ಬ್ಯಾಗಿನಲ್ಲಿ. ಆದರೂ ಮುಟ್ಟಿತಲ್ಲ! ಹೆದರದೆ ಮಾತಾಡುವ ಬಲವನ್ನು ಆ ಪುಸ್ತಕ ಅವಳಿಗೆ ಕೊಟ್ಟಿತ್ತು. ಇದಕ್ಕೆ ಕೈ ಮುಗಿಯಬೇಕೋ ಬೇಡವೋ?

ಗುರುವಾರ ತಡೆಯಲಾಗದೆ ಆ ಹೋಟೆಲಿಗೆ ಹೋದೆ. ಯಲ್ಲಪ್ಪ ಒಳಗೆ, ಬೆಂಚಿನ ತುದಿಯಲ್ಲಿ, ಅರ್ಧ ಕೂತು ಅರ್ಧ ನಿಂತಂತೆ ಇದ್ದ. ಒಬ್ಬರು ಚಹಾ ಬಿಟ್ಟು ಎದ್ದು ಹೋದರು. ಉಳಿದವರು ಕುಡಿದರು. ಯಲ್ಲಪ್ಪ ರೂಢಿಯಂತೆ ಗ್ಲಾಸು ತಿರುಗಿಸಿ ಚುಕ್ಕಿ ಹುಡುಕಿದ. ಇತ್ತು. ಪಕ್ಕದವರ ಗ್ಲಾಸು ನೋಡಿದ. ಇತ್ತು. ನನ್ನದನ್ನು ನೋಡಿದ.

"ಯಪ್ಪಾ, ಎಲ್ಲಾ ನಮ್ಮವ ಅದಾವಲ್ರಿ!" ಅಂತ ನಕ್ಕ. ನಕ್ಕಾಗ ಸರಿಯಾಗಿ ಕೂತ.

ಈಗ ಅಂಗಡಿಗೆ ಯಾರು ಬಂದು ಗುರುತು ಹಾಕಿ ಅಂದರೂ, ಮಷಿನ್ ಎತ್ತುವ ಮೊದಲು ಯಾಕೆ ಅಂತ ಕೇಳುತ್ತೇನೆ. ನೀವು ಕೊನೆಯ ಸಲ ಕೇಳಿದ್ದು ಯಾವಾಗ?