ಎರಡೇ ನಿಮಿಷದ ಬಾಗಿಲು

ನೀವೇ ಹೇಳಿ, ನಮ್ಮ ಮನೆ ಬಾಗಿಲನ್ನು ನಾನು ಹೇಗೆ ಉಜ್ಜಿದರೆ ಬೇರೆಯವರಿಗೇನು? ಚೆನ್ನೈ ಪಕ್ಕದ ಈ ತಾಂಬರಂನ ತೇವದ ಗಾಳಿಗೆ ಉಬ್ಬಿ, ಮುಚ್ಚಲಾಗದಂತಾಗಿದ್ದ ಬಚ್ಚಲಮನೆ ಬಾಗಿಲನ್ನು ಇವತ್ತು ಬೆಳಿಗ್ಗೆ ಉಜ್ಜುಗೊರಡಿನಿಂದ ಸ್ವಲ್ಪಸ್ವಲ್ಪವೇ ಹೆರೆಯುತ್ತಿದ್ದೆ. ಪಕ್ಕದ ಮನೆಯ ಮೂರ್ತಿಗಳು ಕರೆಯದೇ ಒಳಗೆ ಬಂದು, ಮರ ಹೆರೆಯುವ ತಮ್ಮ ಕರೆಂಟ್ ಮೆಷಿನ್ನನ್ನು ನಮ್ಮ ಪ್ಲಗ್ಗಿಗೇ ಸಿಕ್ಕಿಸಿದರು.

“ಯಾವ ಕಾಲದಲ್ಲಿದ್ದೀರಮ್ಮಾ? ಸರೀರಿ ಆ ಕಡೆ. ಇದ್ರಲ್ಲಿ ಎರಡೇ ನಿಮಿಷ, ಅಷ್ಟೇ, ಮುಡಿಂಜುದು, ಮುಗೀತು!”

ನನಗೆ ಮೈಯೆಲ್ಲ ಉರಿಯಿತು. ಪ್ಲಗ್ ಕಿತ್ತು ಅವರ ಕೈಗೇ ಕೊಟ್ಟೆ.

“ನಿಮ್ಮ ಬಚ್ಚಲ ಬಾಗಿಲಿಗೂ ಎರಡೇ ನಿಮಿಷ ಹಿಡೀತಲ್ವಾ ಸಾರ್?”

ಅವರು ಮೆಷಿನ್ ಎತ್ತಿಕೊಂಡು ಹೋದರು. ಅವರು ಅಳತೆ ಮೀರಿ ಹೆರೆದ ಅವರ ಮನೆಯ ಆ ಬಾಗಿಲಿಗೆ ಈಗ ಚಿಲಕವೇ ಕೂರುವುದಿಲ್ಲ. ಬೇರೆ ಯಾರೂ ನುಗ್ಗದಿರಲೆಂದು ಒಳಗಿರುವವರು ಹೊರಬರುವವರೆಗೂ ಜೋರಾಗಿ ಹಾಡುತ್ತಿರಬೇಕು.

ನನಗೆ ಎರಡು ಗಂಟೆ ಹಿಡಿಯಿತು, ನಿಜ. ಆದರೆ ನಮ್ಮ ಮನೆಯಲ್ಲಿ ಸ್ನಾನ ಮಾಡಲು ಸಂಗೀತ ಬರಬೇಕೆಂದೇನಿಲ್ಲ.